ಬಾರ್ಲೋ ಕಂಡೆನ್ಸ್ಡ್ ಬೋಲ್ಡ್ ಇಟಾಲಿಕ್: ಪಂದ್ಯಾಟದ ಬ್ಯಾನರಿಗೆ ಹೇಳಿ ಮಾಡಿಸಿದ ಅಕ್ಷರ

ಪಂದ್ಯಾಟದ ಬ್ಯಾನರಿಗೆ ಇಂಗ್ಲಿಷ್ ಫಾಂಟ್ ಯಾವುದು ಹಾಕೋದು ಅಂತ ಯಾರಾದರೂ ಕೇಳಿದರೆ ನಾನು ಹೇಳುವ ಹೆಸರು ಒಂದೇ: ಬಾರ್ಲೋ ಕಂಡೆನ್ಸ್ಡ್, ಅದರಲ್ಲೂ ಬೋಲ್ಡ್ ಇಟಾಲಿಕ್. ದಪ್ಪಗಿದೆ, ಇಕ್ಕಟ್ಟಾಗಿದೆ, ಬಲಕ್ಕೆ ವಾಲಿದೆ. ದುಡ್ಡು ಕೊಡಬೇಕಿಲ್ಲ. ಎಲ್ಲಿಂದಲೋ ಕದ್ದು ತಂದ ಫೈಲು ಅನ್ನುವ ಅಳುಕೂ ಬೇಡ.

ನನ್ನದು ದಕ್ಷಿಣ ಕನ್ನಡದಲ್ಲಿ ಡಿಸೈನ್ ಕೆಲಸ. ಗಿರಾಕಿಗಳಲ್ಲಿ ಹೆಚ್ಚಿನವರು ಯುವಕ ಮಂಡಲ, ಫ್ರೆಂಡ್ಸ್ ಕ್ಲಬ್ಬುಗಳ ಹುಡುಗರು. ಮಳೆಗಾಲ ಮುಗಿದು ಗದ್ದೆ ಒಣಗಿದರೆ ಸಾಕು, ಹೊನಲು ಬೆಳಕಿನ ಕಬಡ್ಡಿ, ಸೀಮಿತ ಓವರುಗಳ ಕ್ರಿಕೆಟ್, ವಾಲಿಬಾಲ್ ಅಂತ ಒಂದರ ಹಿಂದೆ ಒಂದು ಬರುತ್ತವೆ. ಎಲ್ಲದಕ್ಕೂ ಬ್ಯಾನರ್ ಬೇಕು, ಕರಪತ್ರ ಬೇಕು, ವಾಟ್ಸಾಪ್ ಸ್ಟೇಟಸ್ಸಿಗೆ ಚಿತ್ರ ಬೇಕು, ಜೆರ್ಸಿ ಬೇಕು. ಈ ಫಾಂಟನ್ನು ನಾನು ಬಳಸಿ ನೋಡಿದ್ದು ಇಂಥ ಕೆಲಸಗಳಲ್ಲೇ. ಪುಸ್ತಕದ ಒಳಪುಟ ಕಟ್ಟುವವರಿಗೆ ನನ್ನ ಮಾತು ಅಷ್ಟಾಗಿ ಹೊಂದಲಿಕ್ಕಿಲ್ಲ.

ಮೊದಲು ಇದರ ಊರು ಯಾವುದು ನೋಡೋಣ. ಬಾರ್ಲೋ ಕ್ಯಾಲಿಫೋರ್ನಿಯಾದ ಫಾಂಟ್. ಬರೆದವರು ಸ್ಯಾನ್ ಫ್ರಾನ್ಸಿಸ್ಕೋದ ಜೆರೆಮಿ ಟ್ರಿಬ್ಬಿ. ಹೊರಬಂದದ್ದು 2017ರಲ್ಲಿ. ಇಂಟರ್ನೆಟ್ಟಿನ ಸ್ವಾತಂತ್ರ್ಯಕ್ಕಾಗಿ ದನಿ ಎತ್ತಿದ ಜಾನ್ ಪೆರ್ರಿ ಬಾರ್ಲೋ ಅವರ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. ಅಕ್ಷರದ ಗುಣ ಬಂದಿರುವುದು ಮಾತ್ರ ಆ ರಾಜ್ಯದ ರಸ್ತೆಯಿಂದ. ಅಲ್ಲಿನ ಕಾರುಗಳ ನಂಬರ್ ಪ್ಲೇಟು, ಹೆದ್ದಾರಿಯ ಫಲಕ, ಬಸ್ಸು, ರೈಲು, ಇವುಗಳ ಮೇಲಿನ ಅಕ್ಷರಗಳ ಛಾಯೆ ಇದರಲ್ಲಿದೆ.

ಇದು ನಮಗೆ ಯಾಕೆ ಮುಖ್ಯ ಅಂದರೆ, ರಸ್ತೆಯ ಅಕ್ಷರವನ್ನು ಯಾರೂ ನಿಂತು ಓದುವುದಿಲ್ಲ. ಓಡುವ ಗಾಡಿಯಿಂದ ಒಂದು ಸಲ ಕಣ್ಣು ಹಾಯಿಸುತ್ತಾರೆ, ಅಷ್ಟೇ. ಹಾಗಾಗಿ ಅದಕ್ಕೆ ಅಲಂಕಾರ ಇರುವುದಿಲ್ಲ. ಗೆರೆಯ ದಪ್ಪ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಇರುತ್ತದೆ. ಒಳಗಿನ ಖಾಲಿ ಜಾಗ ಮುಚ್ಚಿಹೋಗುವುದಿಲ್ಲ. ಬಿ.ಸಿ. ರೋಡಿನ ಸರ್ಕಲ್ಲಿನಲ್ಲಿ ಕಟ್ಟಿದ ಬ್ಯಾನರಿನ ಪಾಡೂ ಅದೇ ಅಲ್ವಾ? ಬಸ್ಸಿನ ಕಿಟಕಿಯಿಂದ ನೋಡುವವನಿಗೆ ಪಂದ್ಯ ಯಾವುದು, ಎಲ್ಲಿ, ಯಾವತ್ತು ಅನ್ನುವಷ್ಟು ತಲುಪಿದರೆ ಕೆಲಸ ಆದ ಹಾಗೆ. ಬಾರ್ಲೋದಲ್ಲಿ ಆ ಸ್ಪಷ್ಟತೆ ಇದೆ. ಜೊತೆಗೆ ಮೂಲೆಗಳನ್ನು ತುಸು ದುಂಡಗೆ ಬಿಟ್ಟಿದ್ದಾರೆ. ಹಾಗಾಗಿ ದಪ್ಪ ಮಾಡಿದರೂ ಒರಟು ಅನ್ನಿಸುವುದಿಲ್ಲ.

ಇಡೀ ಕುಟುಂಬದಲ್ಲಿ 54 ಫಾಂಟುಗಳಿವೆ. ಅಗಲದಲ್ಲಿ ಮೂರು ಬಗೆ: ಮಾಮೂಲಿ, ಸೆಮಿ ಕಂಡೆನ್ಸ್ಡ್, ಕಂಡೆನ್ಸ್ಡ್. ಒಂದೊಂದರಲ್ಲೂ ತೀರಾ ತೆಳುವಾದ ಥಿನ್‌ನಿಂದ ತೀರಾ ದಪ್ಪದ ಬ್ಲ್ಯಾಕ್ ತನಕ ಒಂಬತ್ತು ದಪ್ಪ. ಪ್ರತಿ ದಪ್ಪಕ್ಕೂ ನೆಟ್ಟಗಿನದ್ದೊಂದು, ಇಟಾಲಿಕ್ ಒಂದು. ನಮ್ಮ ಕೆಲಸಕ್ಕೆ ಇಷ್ಟೂ ಬೇಡ. ಆದರೆ ಒಂದು ಬ್ಯಾನರಿನ ತಲೆಬರಹ, ತಾರೀಕು, ಪ್ರಾಯೋಜಕರ ಸಾಲು ಎಲ್ಲವನ್ನೂ ಒಂದೇ ಕುಟುಂಬದಿಂದ ತೆಗೆಯಬಹುದು ಅನ್ನುವುದು ದೊಡ್ಡ ಅನುಕೂಲ. ಐದು ಸಾಲಿಗೆ ಐದು ಫಾಂಟ್ ಹಾಕಿದ ಬ್ಯಾನರುಗಳನ್ನು ನೀವೂ ನೋಡಿರುತ್ತೀರಿ. ಕಣ್ಣು ಎಲ್ಲಿ ನಿಲ್ಲಬೇಕು ಅಂತಲೇ ಗೊತ್ತಾಗುವುದಿಲ್ಲ.

ಈಗ ನನಗೆ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಕಂಡೆನ್ಸ್ಡ್ ಅಕ್ಷರ ಬೇಕು ಅಂದರೆ ಏನು ಮಾಡುತ್ತಾರೆ? ಡಿಸೈನ್ ಮಾಡುವ ಕೋರೆಲ್ ತಂತ್ರಾಂಶದಲ್ಲಿ ಒಂದು ದಪ್ಪ ಫಾಂಟಿನಲ್ಲಿ ಹೆಸರು ಟೈಪ್ ಮಾಡುತ್ತಾರೆ, ಅದರ ಸುತ್ತ ಕಾಣುವ ಹಿಡಿಗಳಲ್ಲಿ ಪಕ್ಕದ್ದನ್ನು ಮೌಸಿನಲ್ಲಿ ಒಳಗೆ ತಳ್ಳುತ್ತಾರೆ. ಇಟಾಲಿಕ್ ಬೇಕು ಅಂದರೆ ಮತ್ತೊಮ್ಮೆ ಕ್ಲಿಕ್ ಮಾಡಿ ಮೇಲಿನ ಹಿಡಿಯನ್ನು ಬಲಕ್ಕೆ ಎಳೆಯುತ್ತಾರೆ. ಎರಡು ಸೆಕೆಂಡಿನ ಕೆಲಸ. ಗಿರಾಕಿ ಪಕ್ಕದಲ್ಲೇ ಕೂತು ಅವಸರ ಮಾಡುತ್ತಿರುವಾಗ ಅದು ಸುಲಭದ ದಾರಿ, ನಿಜ. ಆದರೆ ಹಾಗೆ ತಳ್ಳಿ ಎಳೆದ ಅಕ್ಷರಕ್ಕೆ ಏನಾಗುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡಿ.

ಇಂಗ್ಲಿಷಿನ ದೊಡ್ಡ ಎಚ್ ಅಕ್ಷರ ತೆಗೆದುಕೊಳ್ಳಿ. ಎರಡು ಕಂಬ, ನಡುವೆ ಒಂದು ಅಡ್ಡಪಟ್ಟಿ. ಪಕ್ಕದಿಂದ ತಳ್ಳಿದಾಗ ಕಂಬಗಳು ತೆಳ್ಳಗಾಗುತ್ತವೆ, ಅಡ್ಡಪಟ್ಟಿಯ ದಪ್ಪ ಹಾಗೇ ಉಳಿಯುತ್ತದೆ. ಅರ್ಧಕ್ಕೆ ತಳ್ಳಿದರೆ ಕಂಬದ ದಪ್ಪವೂ ಅರ್ಧ. ಭಾರ ಹೊರಬೇಕಾದದ್ದು ಬಡಕಲು, ನಡುವಿನದ್ದು ದಪ್ಪ. ಓದುವವರಿಗೆ ಕಾರಣ ಗೊತ್ತಿರುವುದಿಲ್ಲ, ಆದರೆ ಏನೋ ಸರಿ ಇಲ್ಲ ಅನ್ನಿಸುತ್ತದೆ.

ಆಮೇಲೆ ಓ ಅಕ್ಷರ. ಅದನ್ನು ಬಲಕ್ಕೆ ಎಳೆದಾಗ ಮೇಲಿನ ಬಲಮೂಲೆ, ಕೆಳಗಿನ ಎಡಮೂಲೆ ದಪ್ಪಗಾಗುತ್ತವೆ. ಇನ್ನೆರಡು ಮೂಲೆ ತೆಳ್ಳಗಾಗುತ್ತವೆ. ಉಂಗುರವನ್ನು ಯಾರೋ ಎರಡು ಕಡೆ ಹಿಡಿದು ಜಗ್ಗಿದ ಹಾಗೆ ಕಾಣುತ್ತದೆ. ಚಿಕ್ಕ ಅಕ್ಷರದಲ್ಲಿ ಇದು ಗೊತ್ತಾಗಲಿಕ್ಕಿಲ್ಲ. ಹತ್ತು ಅಡಿ ಬ್ಯಾನರಿನಲ್ಲಿ ಎದ್ದು ಕಾಣುತ್ತದೆ.

ಬಾರ್ಲೋ ಕಂಡೆನ್ಸ್ಡ್ ಬೋಲ್ಡ್ ಇಟಾಲಿಕ್‌ನಲ್ಲಿ ಇದೇ ಎರಡು ಅಕ್ಷರ ದೊಡ್ಡದಾಗಿ ಹಾಕಿ ನೋಡಿ. ಎಚ್‌ನ ಕಂಬಗಳು ಗಟ್ಟಿಯಾಗಿ ನಿಂತಿವೆ, ಅಡ್ಡಪಟ್ಟಿ ಅವುಗಳಿಗಿಂತ ಒಂದು ಎಳೆ ಕಡಿಮೆ ಇದೆ. ಓ ವಾಲಿದ್ದರೂ ಅದರ ಸುತ್ತಿನ ದಪ್ಪ ಸಮ ಇದೆ. ಯಾಕೆಂದರೆ ಇಕ್ಕಟ್ಟಾದ ರೂಪವನ್ನು ಬೇರೆಯಾಗಿಯೇ ಬರೆದಿದ್ದಾರೆ, ವಾಲಿಸಿದ ಮೇಲೆ ದುಂಡು ಭಾಗಗಳನ್ನು ತಿದ್ದಿದ್ದಾರೆ. ಈ ತಿದ್ದುವ ಕೆಲಸವೇ ಫಾಂಟ್ ಮಾಡುವವರ ನಿಜವಾದ ಶ್ರಮ. ನಾವು ಮೌಸಿನಲ್ಲಿ ಎರಡು ಸೆಕೆಂಡಿನಲ್ಲಿ ಕೆಡಿಸುವುದನ್ನು ಅವರು ಒಂದೊಂದು ಅಕ್ಷರಕ್ಕೂ ಕೂತು ಸರಿ ಮಾಡಿರುತ್ತಾರೆ. ಅದನ್ನು ಉಚಿತವಾಗಿ ಕೊಟ್ಟಿದ್ದಾರೆ ಅಂದಮೇಲೆ ಬಳಸದೇ ಇರುವುದು ನನಗೆ ನೋವಿನ ವಿಷಯ.

ಬೇರೆ ದಪ್ಪ, ಇಕ್ಕಟ್ಟಿನ ಫಾಂಟುಗಳು ಇಲ್ಲವೇ ಅಂದರೆ, ಬೇಕಾದಷ್ಟಿವೆ. ವಿಂಡೋಸ್ ಜೊತೆಗೇ ಬರುವ ಇಂಪ್ಯಾಕ್ಟ್ ಇದೆ. 1965ರಲ್ಲಿ ಇಂಗ್ಲೆಂಡಿನ ಜೆಫ್ರಿ ಲೀ ಮಾಡಿದ್ದು, ಇವತ್ತಿಗೂ ಗಟ್ಟಿ. ಬೀಬಸ್ ನ್ಯೂಯೆ, ಆಂಟನ್, ಓಸ್ವಾಲ್ಡ್ ಇವೆ. ಇವೆಲ್ಲ ನೆಟ್ಟಗೆ ನಿಲ್ಲಿಸಿದರೆ ಚೆನ್ನ. ಆದರೆ ಉಚಿತವಾಗಿ ಸಿಗುವ ಇವುಗಳ ಕಟ್ಟಿನಲ್ಲಿ ಇಟಾಲಿಕ್ ಇಲ್ಲ. ವರ್ಡ್‌ನಲ್ಲಿ ಇಂಪ್ಯಾಕ್ಟ್ ಆರಿಸಿ ಇಟಾಲಿಕ್ ಬಟನ್ ಒತ್ತಿದರೆ ವಾಲುತ್ತದಲ್ಲ ಅಂತ ನೀವು ಕೇಳಬಹುದು. ಅದು ಫಾಂಟಿನ ಇಟಾಲಿಕ್ ಅಲ್ಲ. ಇಟಾಲಿಕ್ ಫೈಲು ಇಲ್ಲದ್ದಕ್ಕೆ ವರ್ಡ್ ತಾನೇ ಓರೆ ಮಾಡಿದ್ದು. ಮತ್ತೆ ಅದೇ ಜಗ್ಗಿದ ಓ.

ಓರೆ ಅಕ್ಷರಕ್ಕೆ ಹಳೆಯ ಕಥೆಯೊಂದಿದೆ. ಅಚ್ಚಿನ ಮೊದಲ ಇಟಾಲಿಕ್ ಅನ್ನು ವೆನಿಸ್‌ನಲ್ಲಿ ಆಲ್ಡಸ್ ಮನೂಷಿಯಸ್ ಅವರ ಮುದ್ರಣಾಲಯಕ್ಕಾಗಿ ಫ್ರಾಂಚೆಸ್ಕೊ ಗ್ರಿಫೊ ಕೊರೆದರು. 1501ರಲ್ಲಿ ಅದರಲ್ಲಿ ಇಡೀ ಪುಸ್ತಕವನ್ನೇ ಅಚ್ಚು ಹಾಕಿದರು. ಆಗ ಅದು ಕೈಬರಹದ ರೂಪ, ಕೈಯಲ್ಲಿ ಹಿಡಿಯುವ ಸಣ್ಣ ಪುಸ್ತಕಕ್ಕೆ ಇದ್ದದ್ದು. ಬಾರ್ಲೋದ ಇಟಾಲಿಕ್ ಆ ಜಾತಿಯದಲ್ಲ. ಇಲ್ಲಿ ಕೈಬರಹದ ಬಳುಕು ಇಲ್ಲ, ನೆಟ್ಟಗಿನ ರೂಪವೇ ಮುಂದಕ್ಕೆ ಬಾಗಿದೆ. ಆಟಕ್ಕೆ ಬೇಕಾದದ್ದು ಇದೇ. ದಾಳಿಗಾರ ಗೆರೆ ದಾಟುವ ಮುಂಚೆ ಮೈ ಹೇಗೆ ಮುಂದಕ್ಕೆ ವಾಲಿರುತ್ತದೋ ಹಾಗೆ. ನೆಟ್ಟಗಿನ ಬೋಲ್ಡ್‌ನಲ್ಲಿ ‘ಸೀಸನ್ 3’ ಅಂತ ಹಾಕಿದರೆ ಕಚೇರಿಯ ಫಲಕದಂತೆ ಕಾಣುತ್ತದೆ. ಇಟಾಲಿಕ್ ಮಾಡಿದ ಕೂಡಲೇ ಅದಕ್ಕೆ ಓಟ ಬರುತ್ತದೆ.

ಕೆಲಸಕ್ಕೆ ಇಳಿದಾಗ ತಿಳಿದಿರಬೇಕಾದ ಕೆಲವು ಸಂಗತಿ ಹೇಳುತ್ತೇನೆ.

ನಮ್ಮ ಕ್ಲಬ್ಬುಗಳ ಹೆಸರು ಉದ್ದ. ದೇವರ ಹೆಸರು, ಊರಿನ ಹೆಸರು, ಆಮೇಲೆ ಫ್ರೆಂಡ್ಸ್ ಸ್ಪೋರ್ಟ್ಸ್ ಆಂಡ್ ಕಲ್ಚರಲ್ ಕ್ಲಬ್. ಅಗಲದ ಫಾಂಟಿನಲ್ಲಿ ಇದು ಎರಡು ಸಾಲು ಮುರಿಯುತ್ತದೆ, ಇಲ್ಲವೇ ಓದಲಾಗದಷ್ಟು ಚಿಕ್ಕದಾಗುತ್ತದೆ. ಕಂಡೆನ್ಸ್ಡ್‌ನಲ್ಲಿ ಎತ್ತರ ಕಳೆದುಕೊಳ್ಳದೆ ಒಂದೇ ಸಾಲಿನಲ್ಲಿ ಕೂರುತ್ತದೆ. ದೂರಕ್ಕೆ ಓದಿಸುವುದು ಅಕ್ಷರದ ಎತ್ತರ ತಾನೇ? ಹಾಗಾಗಿ ಇದು ಬರೀ ಅಂದದ ಮಾತಲ್ಲ.

ಎರಡು ಮೂರು ಸಾಲು ಒಂದರ ಕೆಳಗೊಂದು ಇಡುವಾಗ ಎಡಗಡೆ ನೇರ ಗೆರೆಗೆ ಕಟ್ಟಬೇಡಿ. ವಾಲಿದ ಅಕ್ಷರಗಳನ್ನು ನೆಟ್ಟಗಿನ ಗೆರೆಗೆ ತಾಗಿಸಿದರೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ದೊಡ್ಡ ಐ ಅಕ್ಷರವನ್ನು ಬಾರ್ಲೋದಲ್ಲೇ ಟೈಪ್ ಮಾಡಿ, ಬ್ಯಾನರಿನ ಎತ್ತರಕ್ಕೆ ಹಿಗ್ಗಿಸಿ, ಅದರ ಅಂಚನ್ನು ಗೆರೆಯಾಗಿ ಇಟ್ಟುಕೊಳ್ಳಿ. ಹಿಗ್ಗಿಸುವಾಗ ಮೂಲೆಯ ಹಿಡಿಯನ್ನೇ ಹಿಡಿಯಿರಿ, ಓರೆ ಬದಲಾಗಬಾರದು. ಕೆಳಗಿನ ಸಾಲು ಎಡಕ್ಕೆ, ಮೇಲಿನ ಸಾಲು ಬಲಕ್ಕೆ, ಎಲ್ಲ ಆ ಓರೆಗೆ ಸರಿಯಾಗಿ. ಹಿಂದೆ ಬಣ್ಣದ ಪಟ್ಟಿ ಹಾಕುವುದಿದ್ದರೆ ಅದರ ತುದಿಯನ್ನೂ ಅದೇ ಓರೆಗೆ ಕತ್ತರಿಸಿ. ಇಷ್ಟು ಮಾಡಿದರೆ ಸಾಕು, ಬೇರೆ ಯಾವ ಎಫೆಕ್ಟೂ ಬೇಡ. ಬಂಗಾರದ ಬಣ್ಣ, ಬೆಂಕಿ, ನೆರಳು, ಮೂರು ಪದರದ ಔಟ್‌ಲೈನ್, ಇವು ಯಾವುದೂ ಇಲ್ಲದೆ ಅಕ್ಷರ ಎದ್ದು ನಿಲ್ಲುತ್ತದೆ.

ತಲೆಬರಹ ದೊಡ್ಡದಾದಷ್ಟೂ ಅಕ್ಷರಗಳ ನಡುವಿನ ಜಾಗ ಜಾಸ್ತಿ ಅನ್ನಿಸುತ್ತದೆ. ಸ್ವಲ್ಪ ಬಿಗಿ ಮಾಡಿ. ಆದರೆ ಔಟ್‌ಲೈನ್ ಹಾಕುವುದಿದ್ದರೆ ಬಿಗಿ ಮಾಡಬೇಡಿ, ಪಕ್ಕದ ಅಕ್ಷರದ ಔಟ್‌ಲೈನ್ ಮೇಲೆ ಹತ್ತುತ್ತದೆ.

ಜೆರ್ಸಿಯಲ್ಲಂತೂ ಈ ಫಾಂಟ್ ನನಗೆ ಬಹಳ ಹಿಡಿಸಿದೆ. ಬೆನ್ನಿನ ನಂಬರಿಗೆ ಇದರ ಅಂಕಿಗಳು ಚೆನ್ನಾಗಿ ಒಗ್ಗುತ್ತವೆ. ಸಣ್ಣ ಹುಡುಗರ ಅಳತೆಯ ಜೆರ್ಸಿಯಲ್ಲೂ 18, 27 ಅಂತ ಎರಡು ಅಂಕಿ ಎತ್ತರವಾಗಿ ಹಿಡಿಸುತ್ತವೆ. ವಿನೈಲ್ ಕತ್ತರಿಸಿ ಹೀಟ್ ಪ್ರೆಸ್ ಮಾಡುವವರಿಗೆ ದುಂಡು ಮೂಲೆ ಒಂದು ಉಪಕಾರ. ಒಗೆದು ಒಗೆದು ಸ್ಟಿಕ್ಕರ್ ಏಳುವುದು ಚೂಪು ಮೂಲೆಯಿಂದಲೇ. ಆದರೆ ಇಲ್ಲಿ ಬ್ಲ್ಯಾಕ್ ತೆಗೆದುಕೊಳ್ಳಬೇಡಿ, ಬೋಲ್ಡ್ ಸಾಕು. ಬ್ಲ್ಯಾಕ್‌ನಲ್ಲಿ 8ರ ಹೊಟ್ಟೆಯ ಎರಡು ತೂತು ಸಣ್ಣ. ದೂರದಿಂದ 6, 8, 9 ಒಂದೇ ಥರ ಕಾಣಬಹುದು, ಕಾಮೆಂಟರಿ ಹೇಳುವವರು ತಡವರಿಸುತ್ತಾರೆ. ಬೋಲ್ಡ್‌ನಲ್ಲಿ ಒಳಗಿನ ಜಾಗ ತೆರೆದಿರುತ್ತದೆ.

ಈಗ ಕನ್ನಡದ ಪ್ರಶ್ನೆ. ಬಾರ್ಲೋದಲ್ಲಿ ಕನ್ನಡ ಇಲ್ಲ. ನಮ್ಮ ಬ್ಯಾನರಿನಲ್ಲಿ ಮುಕ್ಕಾಲು ಪಾಲು ಕನ್ನಡವೇ ಇರುವಾಗ ಇದು ಸಣ್ಣ ಕೊರತೆ ಅಲ್ಲ. ‘ಪ್ರಥಮ 25,025 ಹಾಗೂ ಶಾಶ್ವತ ಫಲಕ’, ‘ಉತ್ತಮ ದಾಳಿಗಾರ’, ‘ಉತ್ತಮ ಹಿಡಿತಗಾರ’, ‘ಸವ್ಯಸಾಚಿ’, ಇವೆಲ್ಲ ಕನ್ನಡದಲ್ಲೇ ಬರಬೇಕು. ಹಾಗಾದರೆ ಜೊತೆಗೆ ಯಾವುದು?

ನನ್ನ ಉತ್ತರ ಅನೇಕ್ ಕನ್ನಡ. ಮುಂಬೈಯ ಏಕ್ ಟೈಪ್ ಸಂಸ್ಥೆ 2022ರಲ್ಲಿ ತಂದ ಅನೇಕ್ ಕುಟುಂಬ ಹತ್ತು ಲಿಪಿಗಳಲ್ಲಿದೆ. ಅದರ ಕನ್ನಡವನ್ನು ಬರೆದವರು ವೈಷ್ಣವಿ ಮೂರ್ತಿ. ಅದರಲ್ಲೂ ಅಗಲ ಬದಲಾಗುತ್ತದೆ, ಕಂಡೆನ್ಸ್ಡ್‌ನಿಂದ ಎಕ್ಸ್‌ಪಾಂಡೆಡ್ ತನಕ. ದಪ್ಪ ಎಕ್ಸ್‌ಟ್ರಾಬೋಲ್ಡ್ ತನಕ ಹೋಗುತ್ತದೆ. ಅದೂ ಉಚಿತ. ಅನೇಕ್ ಕಂಡೆನ್ಸ್ಡ್ ಎಕ್ಸ್‌ಟ್ರಾಬೋಲ್ಡ್ ಪಕ್ಕದಲ್ಲಿ ಬಾರ್ಲೋ ಇಟ್ಟರೆ ಎರಡರ ದಪ್ಪವೂ ಹೆಚ್ಚುಕಡಿಮೆ ಸಮ ಕಾಣುತ್ತದೆ.

ಕನ್ನಡವನ್ನು ಇಕ್ಕಟ್ಟು ಮಾಡುವುದು ಇಂಗ್ಲಿಷಿನಷ್ಟು ಸುಲಭ ಅಲ್ಲ. ನಮ್ಮ ಅಕ್ಷರಗಳು ಹುಟ್ಟಾ ದುಂಡು, ಅಗಲ. ತಲೆಕಟ್ಟು ಬೇರೆ ಬಲಕ್ಕೆ ಚಾಚುತ್ತದೆ. ‘ಣ’, ‘ಘ’, ‘ಝ’ ಇವುಗಳನ್ನು ಒತ್ತಿದರೆ ಒಳಗೆ ಉಸಿರಾಡಲು ಜಾಗ ಇರುವುದಿಲ್ಲ. ಕೆಳಗೆ ಒತ್ತಕ್ಷರ ನೇತಾಡುತ್ತದೆ. ‘ರಾಷ್ಟ್ರೀಯ’ ಅಂತ ಬರೆದರೆ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಅನೇಕ್‌ನಲ್ಲಿ ಇದನ್ನೆಲ್ಲ ಯೋಚಿಸಿ ಬರೆದಿದ್ದಾರೆ ಅಂತ ಅದರ ಕಂಡೆನ್ಸ್ಡ್ ‘ಣ’ ನೋಡಿದರೆ ಗೊತ್ತಾಗುತ್ತದೆ. ಸುಳಿಗಳು ಕಿರಿದಾಗಿವೆ, ಆದರೆ ಮುಚ್ಚಿಲ್ಲ.

ಅನೇಕ್‌ನಲ್ಲಿ ಇಟಾಲಿಕ್ ಇಲ್ಲ. ಹೀಗಾಗಿ ಒಂದು ತೀರ್ಮಾನ ಮಾಡಬೇಕಾಗುತ್ತದೆ. ಕನ್ನಡ ನೆಟ್ಟಗೆ, ಇಂಗ್ಲಿಷ್ ಓರೆ, ಹೀಗೆ ಇಡುವುದು ನನ್ನ ಪದ್ಧತಿ. ಎರಡನ್ನೂ ಒಂದೇ ಸಾಲಿನಲ್ಲಿ ಇಡಬೇಡಿ. ಇಂಗ್ಲಿಷಿನ ಕೊನೆಯ ಅಕ್ಷರದ ಮೇಲ್ತುದಿ ಕನ್ನಡದ ತಲೆಕಟ್ಟಿಗೆ ತಾಗುತ್ತದೆ, ಕೆಳಗೆ ಮಾತ್ರ ದೊಡ್ಡ ಸಂದು ಉಳಿಯುತ್ತದೆ. ಬೇರೆ ಬೇರೆ ಸಾಲಿನಲ್ಲಿ ಇಟ್ಟರೆ ಒಂದಕ್ಕೊಂದು ಪೂರಕ. ಕನ್ನಡವನ್ನೂ ಓರೆ ಮಾಡಲೇಬೇಕು ಅಂತ ಗಿರಾಕಿ ಹಟ ಹಿಡಿದರೆ, ತಲೆಬರಹದ ಒಂದೆರಡು ಪದಕ್ಕೆ ಮಾತ್ರ ಮಾಡಿ. ಬಾರ್ಲೋದ ಐ ಪಕ್ಕದಲ್ಲಿಟ್ಟು ಅದರ ಓರೆಗಿಂತ ಸ್ವಲ್ಪ ಕಡಿಮೆಯೇ ಎಳೆಯಿರಿ. ಆಮೇಲೆ ಕರ್ವ್ಸ್ ಮಾಡಿ, ಅಂದರೆ ಅಕ್ಷರವನ್ನು ಬರೀ ಗೆರೆಗಳ ಆಕಾರವಾಗಿ ಬದಲಿಸಿ, ದುಂಡು ಭಾಗಗಳನ್ನು ಕೈಯಲ್ಲಿ ತಿದ್ದಿ. ಒಂದೆರಡು ಪದಕ್ಕೆ ಇದು ಆಗುವ ಕೆಲಸ.

ಆದರೂ ನನ್ನ ಆಸೆ ಬೇರೆ. ನಮ್ಮ ಖಾಸಗಿ ಬಸ್ಸುಗಳ ಮುಂದೆ, ಲಾರಿಗಳ ಹಣೆಯ ಮೇಲೆ ಪೇಂಟರುಗಳು ಓರೆ ಕನ್ನಡ ಬರೆದಿದ್ದಾರೆ. ಕುಂಚದಲ್ಲಿ ಬರೆಯುವಾಗ ಅವರ ಕೈಯೇ ದಪ್ಪವನ್ನು ಸರಿದೂಗಿಸುತ್ತಿತ್ತು. ಎಲ್ಲಿ ತೆಳು ಮಾಡಬೇಕು, ಎಲ್ಲಿ ಬಳುಕಿಸಬೇಕು ಅಂತ ಅವರಿಗೆ ಗೊತ್ತಿತ್ತು. ಆ ಅಕ್ಷರಗಳನ್ನು ನೋಡಿ ಕಲಿತು ಯಾರಾದರೂ ಒಂದು ದಪ್ಪ, ಇಕ್ಕಟ್ಟು, ಓರೆ ಕನ್ನಡ ಫಾಂಟ್ ಮಾಡಬೇಕು. ದುಡ್ಡಿಗೆ ಕೊಟ್ಟರೂ ನಾನು ತೆಗೆದುಕೊಳ್ಳುತ್ತೇನೆ. ಜೋಡುಕರೆ ಕಂಬಳದ ಪೋಸ್ಟರಿಗೆ ಅದಕ್ಕಿಂತ ಬೇರೆ ಏನು ಬೇಕು ಮಾರಾಯ್ರೆ!

ಬಾರ್ಲೋ ಬಗ್ಗೆ ತಕರಾರುಗಳೂ ಇವೆ. ಎಕ್ಸ್‌ಟ್ರಾಬೋಲ್ಡ್, ಬ್ಲ್ಯಾಕ್ ಎರಡರ ನಡುವೆ ಬ್ಯಾನರಿನಲ್ಲಿ ನೋಡುವವರಿಗೆ ವ್ಯತ್ಯಾಸ ಗೊತ್ತಾಗುವುದು ಕಷ್ಟ, ಒಂದೇ ಸಾಕು. ಅಕ್ಷರಗಳಲ್ಲಿ ಅತಿರೇಕ ಇಲ್ಲದಿರುವುದು ಇದರ ಗುಣ, ಲೋಗೋ ಮಾಡುವಾಗ ಅದೇ ಕೊರತೆ. ತಂಡದ ಹೆಸರನ್ನು ಸುಮ್ನೆ ಟೈಪ್ ಮಾಡಿ ಲೋಗೋ ಅಂತ ಕೊಟ್ಟರೆ ಪಕ್ಕದ ಊರಿನ ತಂಡದ್ದೂ ಹಾಗೇ ಇರುತ್ತದೆ. ಒಂದೆರಡು ಅಕ್ಷರವನ್ನಾದರೂ ಕತ್ತರಿಸಿ, ಉದ್ದ ಮಾಡಿ ಬದಲಿಸಬೇಕು.

ಎಲ್ಲ ಕಡೆಯೂ ಇದನ್ನು ಹಾಕಬೇಡಿ. ಫೋನ್ ನಂಬರಿಗೆ, ನಿಯಮಗಳ ಪಟ್ಟಿಗೆ ಓರೆ ಬೋಲ್ಡ್ ಬೇಡ. ಅಲ್ಲಿ ಇದೇ ಕುಟುಂಬದ ಸೆಮಿ ಕಂಡೆನ್ಸ್ಡ್ ಮೀಡಿಯಂ ನೆಟ್ಟಗೆ ಇಡಿ. ವಾಟ್ಸಾಪ್ ಚಿತ್ರದಲ್ಲಿ ಸಣ್ಣ ಅಕ್ಷರಕ್ಕೆ ಹಾಕಿದರೆ ಮೊಬೈಲಿನಲ್ಲಿ ಕಲಸಿಹೋಗುತ್ತದೆ. ಶ್ರದ್ಧಾಂಜಲಿ ಬ್ಯಾನರಿಗೆ ಖಂಡಿತ ಬೇಡ. ಅಲ್ಲಿ ಅಕ್ಷರ ಸುಮ್ಮನೆ ನಿಂತಿರಬೇಕು.

ಇಳಿಸಿಕೊಳ್ಳುವುದು ಗೂಗಲ್ ಫಾಂಟ್ಸ್‌ನಿಂದ. ಅಲ್ಲಿ ಮೂರು ಅಗಲಗಳನ್ನು ಮೂರು ಬೇರೆ ಹೆಸರಿನಲ್ಲಿ ಇಟ್ಟಿದ್ದಾರೆ, ನಿಮಗೆ ಬೇಕಾದದ್ದು ಬಾರ್ಲೋ ಕಂಡೆನ್ಸ್ಡ್. ಅದರಲ್ಲಿ 18 ಫೈಲು ಇರುತ್ತವೆ. ಅದರಿಂದ ಬೋಲ್ಡ್, ಬೋಲ್ಡ್ ಇಟಾಲಿಕ್, ಎಕ್ಸ್‌ಟ್ರಾಬೋಲ್ಡ್ ಇಟಾಲಿಕ್, ಜೊತೆಗೆ ಬಾರ್ಲೋ ಸೆಮಿ ಕಂಡೆನ್ಸ್ಡ್‌ನಿಂದ ಮೀಡಿಯಂ, ಈ ನಾಲ್ಕು ಹಾಕಿಕೊಂಡರೆ ಕೆಲಸ ನಡೆಯುತ್ತದೆ, ಫಾಂಟ್ ಪಟ್ಟಿಯೂ ತುಂಬುವುದಿಲ್ಲ. ಲೈಸೆನ್ಸ್ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್. ಗಿರಾಕಿಯ ಕೆಲಸಕ್ಕೆ ಬಳಸಬಹುದು, ಜೆರ್ಸಿ ಮಾರಬಹುದು, ಬೇಕಿದ್ದರೆ ಅಕ್ಷರ ತಿದ್ದಿಕೊಳ್ಳಬಹುದು. ಫಾಂಟ್ ಫೈಲನ್ನೇ ಪ್ರತ್ಯೇಕವಾಗಿ ಮಾರುವಂತಿಲ್ಲ, ಅಷ್ಟೇ.

ಹಳೆಯ ಕೋರೆಲ್ ಇರುವವರು ಒಂದು ವಿಷಯ ಗಮನಿಸಿ. ಬಾರ್ಲೋಗೆ ತೊಂದರೆ ಇಲ್ಲ, ಆದರೆ ಅನೇಕ್ ಯೂನಿಕೋಡ್ ಕನ್ನಡ ಫಾಂಟ್. ಹಳೆಯ ಆವೃತ್ತಿಗಳಲ್ಲಿ ಒತ್ತಕ್ಷರ, ಗುಣಿತ ಚೆಲ್ಲಾಪಿಲ್ಲಿಯಾಗುತ್ತದೆ. ಇಂಕ್‌ಸ್ಕೇಪ್ ಅನ್ನುವ ಡಿಸೈನ್ ತಂತ್ರಾಂಶದಲ್ಲಿ ಕನ್ನಡ ಸರಿಯಾಗಿ ಬರುತ್ತದೆ, ಅದೂ ಉಚಿತ. ಕನ್ನಡದ ಸಾಲುಗಳನ್ನು ಅಲ್ಲಿ ಟೈಪ್ ಮಾಡಿ, ಪಾತ್ ಆಗಿ ಬದಲಿಸಿ (ಕೋರೆಲ್‌ನ ಕರ್ವ್ಸ್ ಅಂದರೂ ಇದೇ), ಪಿಡಿಎಫ್ ಮಾಡಿ ಕೋರೆಲ್‌ಗೆ ತನ್ನಿ. ಪ್ರಿಂಟಿಗೆ ಕಳಿಸುವ ಮುಂಚೆ ಇಂಗ್ಲಿಷನ್ನೂ ಕರ್ವ್ಸ್ ಮಾಡಿ, ಇಲ್ಲದಿದ್ದರೆ ಅಲ್ಲಿನ ಕಂಪ್ಯೂಟರಿನಲ್ಲಿ ಬಾರ್ಲೋ ಇಲ್ಲದೆ ಬೇರೆ ಫಾಂಟ್ ಬಂದು ಕೂರುತ್ತದೆ. ಕರ್ವ್ಸ್ ಮಾಡದ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಮುಖ್ಯ ಅತಿಥಿಗಳ ಹೆಸರು ಕೊನೆಯ ಗಳಿಗೆಯಲ್ಲಿ ಬದಲಾಗುವುದು ಇದ್ದೇ ಇದೆ.